ಮಗು ಎಷ್ಟು ಕೆಜಿ? ಆ ಅಂಕಿಯನ್ನು ಓದುವುದು ಹೇಗೆ

ಹೆರಿಗೆಯಾಯಿತು ಅಂತ ಫೋನ್ ಬಂದರೆ ನಾವು ಕೇಳುವುದು ಎರಡೇ ಪ್ರಶ್ನೆ. ಗಂಡೋ ಹೆಣ್ಣೋ? ಎಷ್ಟು ಕೆಜಿ? ಮೂರೂವರೆ ಅಂದರೆ ಎಲ್ಲರಿಗೂ ಖುಷಿ. ಎರಡೂಕಾಲು ಅಂದರೆ ‘ಸರಿಯಾಗಿ ಊಟ ಮಾಡಲಿಲ್ವೇನೋ’ ಅಂತ ಬಾಣಂತಿಯ ಮೇಲೆ ಗೂಬೆ ಕೂರಿಸುತ್ತೇವೆ. ತಟ್ಟೆಯ ಊಟ ನೇರವಾಗಿ ಮಗುವಿನ ಮೈ ಸೇರುವುದಿಲ್ಲ. ನಡುವೆ ಮಾಸು (ಪ್ಲಾಸೆಂಟಾ) ಇದೆ, ಹಾರ್ಮೋನುಗಳಿವೆ.

ಮೊದಲು ತಾಯಿ ಕಾರ್ಡ್ ತೆಗೆದು ಎಷ್ಟನೇ ವಾರಕ್ಕೆ ಹೆರಿಗೆಯಾಯಿತು ಎಂದು ನೋಡಿ. 2.5 ಕೆಜಿಗಿಂತ ಕಡಿಮೆ ಇದ್ದರೆ ‘ಕಡಿಮೆ ತೂಕ’ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆದರೆ 36 ವಾರಕ್ಕೆ ಹುಟ್ಟಿದ 2.4 ಕೆಜಿಯ ಮಗು ತನ್ನ ವಾರಕ್ಕೆ ತಕ್ಕಂತೆಯೇ ಬೆಳೆದಿರಬಹುದು. 40 ವಾರ ತುಂಬಿಯೂ ಅಷ್ಟೇ ಇದ್ದರೆ ಒಳಗೆ ಬೆಳವಣಿಗೆ ಕುಂಟಿರಬಹುದು.

ಎರಡನೆಯದು, ‘ಬೆಳವಣಿಗೆಯ ಹಾರ್ಮೋನ್’ ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಆ ಹಾರ್ಮೋನಿಗೆ ಗರ್ಭದೊಳಗೆ ಅಂಥ ಕೆಲಸವಿಲ್ಲ. ಅದರ ಕೊರತೆಯಿರುವ ಮಕ್ಕಳೂ ಹೆಚ್ಚುಕಡಿಮೆ ಮಾಮೂಲಿ ಗಾತ್ರದಲ್ಲೇ ಹುಟ್ಟುತ್ತಾರೆ. ಕುಳ್ಳಗಾಗುವುದು ಆಮೇಲೆ. ಒಳಗೆ ಮಗುವನ್ನು ಬೆಳೆಸುವುದು ಮಗುವಿನದೇ ಇನ್ಸುಲಿನ್, ಜೊತೆಗೆ ಅದರ ನಂಟಿನ ಐಜಿಎಫ್-1 ಮತ್ತು ಐಜಿಎಫ್-2 ಎಂಬ ಹಾರ್ಮೋನುಗಳು.

ಅಪ್ಪ ಆರಡಿ ಇದ್ದರೆ ಮಗುವೂ ದೊಡ್ಡದಾಗೇ ಹುಟ್ಟಬೇಕಲ್ವಾ? ಹಾಗೇನಿಲ್ಲ. 1938ರಲ್ಲಿ ಇಂಗ್ಲೆಂಡಿನಲ್ಲಿ ದೈತ್ಯ ಶೈರ್ ಕುದುರೆಗೂ ಪುಟ್ಟ ಶೆಟ್ಲೆಂಡ್ ಕುದುರೆಗೂ ಮರಿ ಮಾಡಿಸಿ ನೋಡಿದರು. ತಾಯಿ ಶೈರ್ ಆದಾಗ ಮರಿ ದೊಡ್ಡದು, ತಾಯಿ ಶೆಟ್ಲೆಂಡ್ ಆದಾಗ ಮರಿ ಸಣ್ಣದು. ಎರಡು ಕಡೆಯೂ ಬೆರೆತದ್ದು ಅದೇ ಎರಡು ತಳಿ.

ಈಗ ಸಕ್ಕರೆಯ ವಿಷಯ. ನಮ್ಮಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ಇದಕ್ಕೇ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಹಾಗಾಗಿ ತಾಯಿಗೆ ಸಕ್ಕರೆ ಏರಿದರೆ ಮಗುವೇ ತನ್ನ ಇನ್ಸುಲಿನ್ ಹೆಚ್ಚಿಸಿಕೊಂಡು ಅದನ್ನು ನಿಭಾಯಿಸಬೇಕು. ಆ ಇನ್ಸುಲಿನ್ ಕೊಬ್ಬು ಕೂಡಿಸುತ್ತದೆ, ಹೊಟ್ಟೆ, ಭುಜ ದಪ್ಪವಾಗುತ್ತವೆ. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೀಡರ್ಸನ್ 1950ರ ದಶಕದಲ್ಲೇ ಇದನ್ನು ಹೇಳಿದ್ದರು. ಇದಕ್ಕೆ ತಿರುವುಮುರುವು ಸಾಕ್ಷಿಯೂ ಇದೆ. ಇನ್ಸುಲಿನ್ ತಯಾರಿಸಲಾಗದೆ ಹುಟ್ಟುವ ಅಪರೂಪದ ಮಕ್ಕಳು ತೀರಾ ಸಣ್ಣಗಿರುತ್ತಾರೆ. ಅಂದರೆ ನಾಲ್ಕು ಕೆಜಿ ದಾಟಿದ ಗುಂಡು ಮಗುವನ್ನು ಕಂಡು ಸುಮ್ನೆ ಹಿಗ್ಗುವ ಮೊದಲು ತಾಯಿಯ ಸಕ್ಕರೆ ಪರೀಕ್ಷೆ ಆಗಿತ್ತೇ ಎಂದು ಕೇಳಿ.

ಬಸುರಿಯಾಗಿದ್ದರೆ ಮೊದಲ ಭೇಟಿಯಲ್ಲೇ ಈ ಪರೀಕ್ಷೆ ಮಾಡಿಸಿ. ಸರಿಯಿದ್ದರೂ 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿದು, ಎರಡು ಗಂಟೆಯ ನಂತರ ರಕ್ತ ಕೊಡಬೇಕು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯರ ಸಕ್ಕರೆ ಕಾಯಿಲೆ. ನೀರು ವಾಕರಿಕೆ ಬರುವಷ್ಟು ಸಿಹಿ. ನಿಂಬೆರಸ ಹಿಂಡಿಕೊಳ್ಳಬಹುದೇ ಎಂದು ನರ್ಸನ್ನು ಕೇಳಿ ನೋಡಿ.

ಮಗು ಸಣ್ಣದಾಗಿದ್ದರೆ? ತಾಯಿಗೆ ಬಿಪಿ ಇತ್ತೇ, ರಕ್ತಹೀನತೆ ಇತ್ತೇ ನೋಡಬೇಕು. ಮಾಸಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಆಹಾರ, ಆಮ್ಲಜನಕ ಎರಡೂ ಕಡಿಮೆ. ಆಗ ಮಗುವಿನ ಇನ್ಸುಲಿನ್, ಐಜಿಎಫ್-1 ಕುಸಿಯುತ್ತವೆ, ಬೆಳವಣಿಗೆ ನಿಧಾನವಾಗುತ್ತದೆ. ಇದರ ನೆರಳು ಎಷ್ಟು ದೂರ ಬೀಳುತ್ತದೆ ಎಂದು ತೋರಿಸಿದ್ದು ನಮ್ಮ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳಿದ್ದವು. ಅವುಗಳ ಜಾಡು ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಸಂಶೋಧಕರು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಸುಮಾರು 2.5 ಕೆಜಿ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಸುಮಾರು 3.2 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ಶೇ 3.

ಕೊನೆಯದು ಹೆರಿಗೆಯಾದ ಮೇಲಿನ ಕೆಲಸ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವ ದಾರಿ ಮುಚ್ಚುತ್ತದೆ. ಸಕ್ಕರೆ ಕಾಯಿಲೆಯ ತಾಯಿಯ ಮಗುವಿನ ಮೈಯಲ್ಲಿ ಇನ್ಸುಲಿನ್ ಮಾತ್ರ ಇನ್ನೂ ಏರಿಯೇ ಇರುತ್ತದೆ. ಸಣ್ಣ ಮಗುವಿಗೆ ಕೂಡಿಟ್ಟ ದಾಸ್ತಾನೇ ಕಡಿಮೆ. ಈ ಎರಡೂ ಬಗೆಯ ಮಕ್ಕಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಸಕ್ಕರೆ ಕುಸಿಯುವ ಅಪಾಯವಿದೆ. ಅದಕ್ಕೇ ಮೊದಲ ಗಂಟೆಯಲ್ಲೇ ಮೊಲೆಹಾಲು ಕೊಡಿ. ಸಕ್ಕರೆ ನೋಡಲು ನರ್ಸ್ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಲು ಬಂದರೆ ‘ಪಾಪ, ಈಗಷ್ಟೇ ಹುಟ್ಟಿದೆ’ ಅಂತ ತಡೆಯಬೇಡಿ.