ಝೊನೋಟಿಕ್ ಆಟ: ತಮ್ಮನ ಲ್ಯಾಪ್‌ಟಾಪ್‌ಗೆ ನನ್ನ ಸರ್ವರ್ ಸಿಗದಿದ್ದಾಗ

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಉಬುಂಟುವಿನಲ್ಲಿ ಝೊನೋಟಿಕ್ ಎಂಬ ಶೂಟಿಂಗ್ ಆಟ ಹಾಕಿಕೊಳ್ಳುವುದು ತುಂಬಾ ಸುಲಭ. ಜಿಪ್ ಫೈಲ್ ಇಳಿಸಿಕೊಂಡು ಬಿಚ್ಚಿ, ಒಳಗಿರುವ ಲಿನಕ್ಸ್ ಎಸ್‌ಡಿಎಲ್ ಸ್ಕ್ರಿಪ್ಟ್ (ಆಟ ಶುರು ಮಾಡುವ ಫೈಲ್) ಓಡಿಸಿದರೆ ಆಟ ಶುರು. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ಮುಕ್ತ. ಹಳೇ ಲ್ಯಾಪ್‌ಟಾಪ್‌ನಲ್ಲೂ ಗ್ರಾಫಿಕ್ಸ್ ಇಳಿಸಿ ಆಡಬಹುದು, ಅದಕ್ಕೇ ನನಗಿದು ಇಷ್ಟ.

ಮನೆಯ ವೈಫೈನಲ್ಲಿ ತಮ್ಮನ ಜೊತೆ ಆಡೋಣ ಅಂತ ನನ್ನ ಸಿಸ್ಟಂನಲ್ಲಿ ಆಟ ಹೋಸ್ಟ್ ಮಾಡಿದೆ, ಅಂದರೆ ಅದನ್ನೇ ಸರ್ವರ್ ಮಾಡಿದೆ. ಅವನ ಪಟ್ಟಿಯಲ್ಲಿ ನನ್ನ ಸರ್ವರ್ ಕಾಣಿಸಲೇ ಇಲ್ಲ. ಅವನ ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಕನ್ಸೋಲ್ (ಆಟದೊಳಗೆ ಕಮಾಂಡ್ ಬರೆಯುವ ಜಾಗ) ತೆರೆದು, ‘ಕನೆಕ್ಟ್’ ಅಂತ ಬರೆದು ನನ್ನ ಐಪಿ ವಿಳಾಸ ಕೊಟ್ಟರೂ ಸುಮ್ನೆ ಕಾಯುತ್ತಿತ್ತು. ಆದರೆ ಅವನ ಕಡೆಯಿಂದ ಪಿಂಗ್ ಮಾಡಿದರೆ (ನನ್ನ ಸಿಸ್ಟಂ ತಲುಪುತ್ತದಾ ಅಂತ ಪರೀಕ್ಷಿಸಿದರೆ) ಉತ್ತರ ಬರುತ್ತಿತ್ತು! ಅಂದರೆ ವೈಫೈ ಸರಿಯಿದೆ, ಆಟದ ಪೋರ್ಟ್ (ಡೇಟಾ ಒಳಬರುವ ಸಂಖ್ಯೆಯ ಬಾಗಿಲು) ಮಾತ್ರ ಮುಚ್ಚಿದೆ ಅಂತಾಯ್ತಲ್ವಾ?

ಟರ್ಮಿನಲ್‌ನಲ್ಲಿ ಯಾವ ಪೋರ್ಟ್‌ಗಳು ಬಳಕೆಯಲ್ಲಿವೆ ಅಂತ ತೋರಿಸುವ ‘ಎಸ್ಎಸ್’ ಕಮಾಂಡ್ ಕೊಟ್ಟು ನೋಡಿದೆ. ಆಟವೇನೋ 26000ನೇ ಯುಡಿಪಿ (ಡೇಟಾ ಕಳಿಸುವ ಒಂದು ವಿಧಾನ) ಪೋರ್ಟ್‌ನಲ್ಲಿ ಕಾಯುತ್ತಲೇ ಇತ್ತು. ಹೊರಗಿನ ಸಂಪರ್ಕ ತಡೆಯುವ ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಚಾಲೂ ಇದ್ದುದರಿಂದ ಹೊರಗಿನಿಂದ ಬರುವುದು ಅಲ್ಲೇ ನಿಲ್ಲುತ್ತಿತ್ತು. ಪಿಂಗ್‌ಗೆ ಅದು ಮೊದಲಿಂದಲೇ ದಾರಿ ಬಿಟ್ಟಿರುತ್ತದೆ, ಅದಕ್ಕೇ ಗೊಂದಲ.

ಫೈರ್‌ವಾಲನ್ನೇ ಆಫ್ ಮಾಡಿ ಅಂತ ಹಲವರು ಹೇಳುತ್ತಾರೆ, ದಯವಿಟ್ಟು ಬೇಡ. ‘ಸುಡೊ ಯುಎಫ್‌ಡಬ್ಲ್ಯು ಅಲೋ 26000/ಯುಡಿಪಿ’ ಸಾಕು. ಟಿಸಿಪಿ ಎಂಬ ಇನ್ನೊಂದು ವಿಧಾನಕ್ಕೆ ತೆರೆದರೆ ಪ್ರಯೋಜನವಿಲ್ಲ. ಈ ಕಮಾಂಡ್ ಎಲ್ಲರಿಗೂ ಪೋರ್ಟ್ ತೆರೆಯುತ್ತದೆ, ನಾನು ಮಾತ್ರ ರೂಲನ್ನು ಮನೆಯ ವೈಫೈನ ವಿಳಾಸಗಳಿಗೆ (192.168.1.0/24) ಸೀಮಿತಗೊಳಿಸಿದ್ದೇನೆ. ರೂಲ್ ಹಾಕಿದ ಕೂಡಲೇ ತಮ್ಮ ಒಳಗೆ ಬಂದ. ಆಟ ಮರುಚಾಲನೆ ಕೂಡ ಬೇಕಾಗಲಿಲ್ಲ.