ಆದಾಯ 8 ಲಕ್ಷ ದಾಟಿದೆಯಾ? ಅಂಕದ ಬಲದಿಂದ ಕಡಿಮೆ ಖರ್ಚಿನ ಕಾಲೇಜು ಹುಡುಕುವುದು ಹೀಗೆ

ಮಗಳ ಪಿಯುಸಿ ಮುಗಿದ ವರ್ಷ ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಯ ಕಿಟಕಿ ಮುಂದೆ ನಿಂತಿದ್ದೆ. ಒಳಗಿದ್ದ ಹುಡುಗ ನನ್ನ ಸಂಬಳದ ಚೀಟಿ ನೋಡಿದ. ಹೆಂಡತಿಯದನ್ನೂ ನೋಡಿದ. ಎರಡನ್ನೂ ಕೂಡಿಸಿ, "ಸರ, 8 ಲಕ್ಷ ದಾಟ್ಯದ್ರಿ. ಇದರ ಮ್ಯಾಲ ಸ್ಕಾಲರ್‌ಶಿಪ್ ಏನೂ ಬರಂಗಿಲ್ರಿ" ಅಂದ. ನಾನು ಹೈಸ್ಕೂಲ್ ಮೇಷ್ಟ್ರು, ಆಕೆ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಮನೆ ಸಾಲದ ಕಂತು, ಊರಲ್ಲಿ ಅಪ್ಪನ ಔಷಧಿ, ಇಬ್ಬರು ಮಕ್ಕಳು. ಕಾಗದದ ಮೇಲೆ ಮಾತ್ರ ನಾವು ಶ್ರೀಮಂತರು.

ಆ ಹುಡುಗ ಹೇಳಿದ್ದು ಅರ್ಧ ನಿಜ. ಆದಾಯ ನೋಡಿ ಕೊಡುವ ಹಣ ನಮ್ಮಂಥವರಿಗೆ ಬರುವುದಿಲ್ಲ. ಆದರೆ ಅಂಕ ನೋಡಿ ಕೊಡುವುದು ಬೇರೆಯೇ ಇದೆ, ಮತ್ತು ಅದಕ್ಕಿಂತ ದೊಡ್ಡದು ರ‍್ಯಾಂಕ್ ನೋಡಿ ಸಿಗುವ ಕಡಿಮೆ ಶುಲ್ಕದ ಸೀಟು. ಅದನ್ನು ಯಾರೂ ಸ್ಕಾಲರ್‌ಶಿಪ್ ಅಂತ ಕರೆಯುವುದಿಲ್ಲ, ಅಷ್ಟೇ.

ಶುರು ಮಾಡುವ ಮುಂಚೆ ಒಂದು ಮಾತು. ನಿಮ್ಮ ಆದಾಯ 8 ಲಕ್ಷದ ಒಳಗಿದ್ದರೆ ಈ ಲೇಖನ ಆಮೇಲೆ ಓದಿ. ಮೊದಲು ಸಿಇಟಿ ಅರ್ಜಿಯಲ್ಲಿ ಹೆಚ್ಚುವರಿ ಸೀಟಿನ ಕೋಟಾ, ಅಂದರೆ ಎಸ್‌ಎನ್‌ಕ್ಯೂ ಕೇಳಿದ್ದೀರಾ ನೋಡಿಕೊಳ್ಳಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ, ಅದೂ ರ‍್ಯಾಂಕ್ ಮೇಲೆ. ಹೆಣ್ಣುಮಕ್ಕಳಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 50,000 ರೂಪಾಯಿ. ಅದಕ್ಕೂ ಗೆರೆ 8 ಲಕ್ಷವೇ.

ಮೊದಲ ಹೆಜ್ಜೆ: 371ಜೆ ಕಾಗದ

ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇದು ಕೈಯಲ್ಲೇ ಇರುವ ಆಸ್ತಿ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿತು. ಅದರಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಭಾಗದಲ್ಲಿ ಶೇ 8ರಷ್ಟು ಸೀಟು ಇಲ್ಲಿನ ಮಕ್ಕಳಿಗೆ ಮೀಸಲು. ಇದಕ್ಕೆ ಆದಾಯದ ಗೆರೆ ಇಲ್ಲ. ಮೇಷ್ಟ್ರ ಮಗಳಿಗೂ ಸಿಗುತ್ತದೆ, ಡಾಕ್ಟರ ಮಗನಿಗೂ ಸಿಗುತ್ತದೆ.

ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಗೆ ಕಲಬುರಗಿ ಮತ್ತು ಸೇಡಂ, ಬೀದರ್‌ಗೆ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿ. ಫಲಿತಾಂಶ ಬಂದ ಮೇಲೆ ಓಡಬೇಡಿ, ಆಗ ಇಡೀ ಜಿಲ್ಲೆಯೇ ಆ ಕಚೇರಿ ಮುಂದೆ ಇರುತ್ತದೆ. ಮಗು ಪಿಯುಸಿ ಮೊದಲ ವರ್ಷ ಇರುವಾಗಲೇ ಮಾಡಿಸಿಡಿ. ಮತ್ತೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, 371ಜೆ, ಬ್ಯಾಂಕ್ ಪಾಸ್‌ಬುಕ್, ನಾಲ್ಕರಲ್ಲೂ ಒಂದೇ ಹೆಸರು ಇರಬೇಕು. ನಮ್ಮ ಕಡೆ ಶರಣಬಸಪ್ಪ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಕಡೆ ನಾಲ್ಕು ಥರ ಬರೆದಿರುತ್ತಾರೆ, ಅಲ್ವಾ? ಹಣ ಬರುವಾಗ ಸಿಕ್ಕಿಬೀಳುವುದು ಅಲ್ಲೇ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಶೇ 5ರ ಕೋಟಾ ಬೇರೆ ಇದೆ. ಅದಕ್ಕೂ ಆದಾಯ ಕೇಳುವುದಿಲ್ಲ, ಓದಿದ ದಾಖಲೆ ಸಾಕು.

ಎರಡನೆಯದು: ಕಟಾಫ್ ಪಟ್ಟಿ ಹಿಡಿದು ಕೂರುವುದು

ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಬೋರ್ಡ್ ಪರೀಕ್ಷೆ ಸುಮ್ನೆ ಪಾಸಾದರೆ ಸಾಕು ಅಂದುಕೊಂಡವರು ರ‍್ಯಾಂಕ್ ಬಂದ ದಿನ ತಲೆ ಮೇಲೆ ಕೈ ಹೊತ್ತು ಕೂರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಸಿಇಟಿ ನಡೆಸುವ ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟಾಫ್, ಅಂದರೆ ಯಾವ ಕಾಲೇಜಿನ ಸೀಟು ಎಷ್ಟನೇ ಸ್ಥಾನದವರೆಗೆ ಹೋಯಿತು ಅನ್ನುವ ಪಟ್ಟಿ ಇರುತ್ತದೆ. ಸಾಮಾನ್ಯ ಪಟ್ಟಿ ಒಂದು, ನಮ್ಮ ಭಾಗದ ಪಟ್ಟಿ ಇನ್ನೊಂದು. ಜನ ಮೊದಲನೆಯದನ್ನು ನೋಡಿ "ನಮಗೆಲ್ಲಿ ಸಿಗುತ್ತೆ" ಅಂತ ಕೈಬಿಡುತ್ತಾರೆ. ಎರಡನೆಯದನ್ನು ತೆಗೆಯಿರಿ. ಎರಡು ವರ್ಷದ ಪಟ್ಟಿ ಪ್ರಿಂಟ್ ಹಾಕಿಸಿ, ಮಗುವಿನ ರ‍್ಯಾಂಕಿನ ಆಸುಪಾಸು ಇರುವ ಕಾಲೇಜುಗಳ ಮೇಲೆ ಗೆರೆ ಎಳೆಯಿರಿ. ಆಯ್ಕೆ ನಮೂದಿಸುವಾಗ ಒಂದೇ ಕೋರ್ಸಿಗೂ ಕಾಲೇಜಿನಿಂದ ಕಾಲೇಜಿಗೆ ಶುಲ್ಕ ಬೇರೆ ಬೇರೆ ಅನ್ನುವುದು ನೆನಪಿರಲಿ. ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು, ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಸೀಟು, ಮ್ಯಾನೇಜ್‌ಮೆಂಟ್ ಸೀಟು: ಈ ನಾಲ್ಕರಲ್ಲಿ ಕೊನೆಯದಕ್ಕೆ ಹೋಗುವಷ್ಟರಲ್ಲಿ ಖರ್ಚು ಎಷ್ಟೋ ಪಟ್ಟು ಏರಿರುತ್ತದೆ. ತರಗತಿ ಒಂದೇ, ಬೆಂಚೂ ಒಂದೇ.

ಎಂಜಿನಿಯರಿಂಗ್ ಒಂದೇ ಅಲ್ಲ. ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಬೀದರ್‌ನಲ್ಲಿ ಪಶುವೈದ್ಯ ಕಾಲೇಜಿದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಹೈದರಾಬಾದ್, ಬೆಂಗಳೂರು ಅಂತ ಬಸ್ ಹತ್ತುವ ಮುಂಚೆ ಆಳಂದ ರಸ್ತೆಯಲ್ಲಿ ಒಮ್ಮೆ ಹೋಗಿ ಆ ಕ್ಯಾಂಪಸ್ ನೋಡಿ ಬನ್ನಿ.

ಮೂರನೆಯದು: ಅಂಕಕ್ಕೇ ಹಣ ಕೊಡುವವರು

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಇವು ನಮ್ಮ ಕಡೆ ಎಷ್ಟೋ ಮನೆಗಳಿಗೆ ತಲುಪುವುದೇ ಇಲ್ಲ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನ. ತಮ್ಮ ಬೋರ್ಡಿನ ಹನ್ನೆರಡನೇ ತರಗತಿಯಲ್ಲಿ ಮೇಲಿನ ಶೇ 1ರೊಳಗೆ ಬಂದು, ಬಿಎಸ್ಸಿ ಅಥವಾ ಇಂಟಿಗ್ರೇಟೆಡ್ ಎಂಎಸ್ಸಿಯಲ್ಲಿ ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯಲ್ಲಿ ಮಾಡುವ ಸಂಶೋಧನಾ ಪ್ರಾಜೆಕ್ಟಿಗೆ. ಆದಾಯ ಕೇಳುವುದಿಲ್ಲ. ಎಂಜಿನಿಯರಿಂಗ್, ಮೆಡಿಕಲ್‌ಗೆ ಇದು ಇಲ್ಲ. ಈಗ ಲೆಕ್ಕ ಹಾಕಿ: ಕಲಬುರಗಿಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದ ಹುಡುಗಿಗೆ ವರ್ಷದ ಶುಲ್ಕಕ್ಕಿಂತ ಎಷ್ಟೋ ಪಟ್ಟು ಹಣ ಖಾತೆಗೆ ಬರುತ್ತದೆ. ಅಪ್ಪ ಕೊಡುವುದಿರಲಿ, ಮಗಳೇ ಮನೆಗೆ ಕೊಡಬಹುದು. ಆದರೂ ಶೇ 97 ತೆಗೆದವರ ಮನೆಯಲ್ಲಿ ಬಿಎಸ್ಸಿ ಅಂದರೆ ಮುಖ ಸಪ್ಪೆಯಾಗುತ್ತದೆ. ಬಿಎಸ್ಸಿ ಅಂದರೆ ಸೀಟು ಸಿಗದವರು ಓದುವುದು ಅನ್ನುವ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ, ಹೇಳಿದವರು ಸ್ವತಃ ಬಿಎಸ್ಸಿ ಓದಿದವರು!

ಗಣಿತದ ಹುಚ್ಚಿರುವ ಮಗು ಇದ್ದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಬಿ.ಮ್ಯಾಥ್ ನೋಡಿ. ಪ್ರವೇಶ ಪರೀಕ್ಷೆ ಕಷ್ಟ, ನಿಜ. ಆದರೆ ಬೋಧನಾ ಶುಲ್ಕ ಇಲ್ಲ, ಮೇಲೆ ತಿಂಗಳಿಗೆ 5,000 ರೂಪಾಯಿ ಅವರೇ ಕೊಡುತ್ತಾರೆ, ಚೆನ್ನಾಗಿ ಓದುತ್ತಿರುವವರೆಗೆ.

ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ವೃತ್ತಿಪರ ಕೋರ್ಸಿಗೆ ಸೇರಿರಬೇಕು, ಕನಿಷ್ಠ ಶೇ 60 ಅಂಕ ಇರಬೇಕು. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000. ಪರಿಶಿಷ್ಟ ಜಾತಿಯ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹ ಧನ ಇದೆ. ಪಿಯುಸಿಗೆ 20,000, ಪದವಿಗೆ 25,000. ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿರುತ್ತಾರೆ, ಓದುವವರು ಯಾರು? ನನ್ನ ಹಾಗೆ ಶಾಲೆಯಲ್ಲಿ ಕೆಲಸ ಮಾಡುವವರು ಶಿಕ್ಷಕರ ಕಲ್ಯಾಣ ನಿಧಿಯ ಅರ್ಜಿ ಕೇಳಿ ಪಡೆಯಿರಿ, ಪ್ರತಿ ತಿಂಗಳು ಅಲ್ಲದಿದ್ದರೂ ಒಂದಿಷ್ಟು ಪುಸ್ತಕದ ಖರ್ಚಾದರೂ ನೀಗುತ್ತದೆ.

8 ಲಕ್ಷ ದಾಟಿ 15 ಲಕ್ಷದೊಳಗೆ ಇರುವವರಿಗೆ ಇನ್ನೊಂದು ಬಾಗಿಲು ರಿಲಯನ್ಸ್ ಫೌಂಡೇಶನ್ನಿನ ಪದವಿ ವಿದ್ಯಾರ್ಥಿವೇತನ. ಪಿಯುಸಿಯಲ್ಲಿ ಶೇ 60 ಇದ್ದು, ಪದವಿಯ ಮೊದಲ ವರ್ಷದಲ್ಲಿ ಓದುತ್ತಿರಬೇಕು. ಆನ್‌ಲೈನಿನಲ್ಲಿ ಆಪ್ಟಿಟ್ಯೂಡ್ ಪರೀಕ್ಷೆ ಬರೆಯಬೇಕು. ಇಡೀ ಕೋರ್ಸಿಗೆ ಸೇರಿ 2 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ಆದಾಯ ಕಡಿಮೆ ಇರುವವರಿಗೆ ಆದ್ಯತೆ ಇದೆ, ಆದರೆ ಅರ್ಜಿ ಹಾಕಲು ಅಡ್ಡಿ ಇಲ್ಲ. ಮೊದಲ ವರ್ಷ ಕಳೆದರೆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ.

ನಾಲ್ಕನೆಯದು: ಕಾಲೇಜು ಕೊಡುವ ರಿಯಾಯಿತಿ, ಮತ್ತು ಅದರ ಬಾಲ

ಖಾಸಗಿ ವಿಶ್ವವಿದ್ಯಾಲಯಗಳು ಒಳ್ಳೆ ಅಂಕದ ಮಕ್ಕಳನ್ನು ಎಳೆಯಲು ಶುಲ್ಕ ಬಿಡುತ್ತವೆ. ವೆಲ್ಲೂರಿನ ವಿಐಟಿಯಲ್ಲಿ ಬೋರ್ಡ್ ಟಾಪರ್‌ಗಳಿಗೆ ನಾಲ್ಕೂ ವರ್ಷ ಬೋಧನಾ ಶುಲ್ಕ ಪೂರ್ತಿ ಮಾಫಿ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಅಂಕ, ಕ್ರೀಡೆ ನೋಡಿ ಉಚಿತ ಶಿಕ್ಷಣಕ್ಕೆ ಮಕ್ಕಳನ್ನು ಆರಿಸುತ್ತಾರೆ. ಇಂಥವು ನಿಜಕ್ಕೂ ಇವೆ. ಆದರೆ ಎಲ್ಲ ಪತ್ರಗಳೂ ಹೀಗಿರುವುದಿಲ್ಲ.

ನನ್ನ ಮಗಳಿಗೆ ಬೆಂಗಳೂರಿನ ಒಂದು ಕಾಲೇಜಿನಿಂದ ಪತ್ರ ಬಂತು. ಹೆಸರು ಬೇಡ. ದಪ್ಪ ಅಕ್ಷರದಲ್ಲಿ "ಶೇ 50 ಮೆರಿಟ್ ಸ್ಕಾಲರ್‌ಶಿಪ್". ಮನೆಯಲ್ಲಿ ಪೇಢೆ ಹಂಚಿದೆವು. ಮರುದಿನ ಫೋನು: "ಸರ್, ಇವತ್ತು ಸಂಜೆಯೊಳಗೆ 25,000 ಕಟ್ಟಿದರೆ ಮಾತ್ರ ಈ ಆಫರ್." ಅಷ್ಟು ಅವಸರ ಯಾಕೆ ಅಂತ ಅನುಮಾನ ಬಂತು. ರಾತ್ರಿ ಊಟ ಆದ ಮೇಲೆ ಮಗಳೇ ಹಳೆ ನೋಟ್‌ಬುಕ್ ತಂದಳು. "ಅಪ್ಪಾ, ಒಂದ್ ವರ್ಷದ್ದಲ್ಲ, ನಾಲ್ಕ್ ವರ್ಷದ್ದು ಬರಿ" ಅಂದಳು.

ಬರೆದೆವು. ಬೋಧನಾ ಶುಲ್ಕ 2,40,000, ಅರ್ಧ ಹೋದರೆ 1,20,000. ರಿಯಾಯಿತಿ ಇದಕ್ಕೆ ಮಾತ್ರ. "ಇತರೆ ಶುಲ್ಕ" ಅಂತ 60,000. ಹಾಸ್ಟೆಲ್, ಊಟ 1,40,000. ವರ್ಷಕ್ಕೆ 3,20,000, ನಾಲ್ಕು ವರ್ಷಕ್ಕೆ 12,80,000. ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಪ್ರತಿ ವರ್ಷ ಸಿಜಿಪಿಎ 8.5 ಇರಬೇಕು, ಒಂದು ವಿಷಯವೂ ಉಳಿಯಬಾರದು. ಮೊದಲ ವರ್ಷವೇ ತಪ್ಪಿದರೆ ಉಳಿದ ಮೂರು ವರ್ಷಕ್ಕೆ 3,60,000 ಹೆಚ್ಚು, ಅಂದರೆ ಒಟ್ಟು 16,40,000. ಪಕ್ಕದ ಪುಟದಲ್ಲಿ ಕಲಬುರಗಿಯ ಕಾಲೇಜು. ಸಿಇಟಿ ಸೀಟಿನ ಶುಲ್ಕ 1,10,000, ಬಸ್ಸು, ಜೆರಾಕ್ಸು, ಲ್ಯಾಬ್ ಪುಸ್ತಕ ಎಲ್ಲ ಸೇರಿ 15,000. ನಾಲ್ಕು ವರ್ಷಕ್ಕೆ 5,00,000. ಸ್ಕಾಲರ್‌ಶಿಪ್ ಸೊನ್ನೆ.

ಇವು ನಮ್ಮ ಮನೆಯ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ ನಾಲ್ಕು ವರ್ಷದ ಮೊತ್ತ ಬರೆಯದೆ ಒಂದು ರೂಪಾಯಿಯೂ ಕಟ್ಟಬೇಡಿ. ಕಾಲೇಜಿಗೆ ಫೋನಿನಲ್ಲಿ ಕೇಳಬೇಡಿ, ಇಮೇಲ್ ಹಾಕಿ. ರಿಯಾಯಿತಿ ಯಾವ ಶುಲ್ಕದ ಮೇಲೆ? ಎಷ್ಟು ವರ್ಷ? ಮುಂದುವರಿಯಲು ಎಷ್ಟು ಅಂಕ? ಒಮ್ಮೆ ತಪ್ಪಿದರೆ ಮುಂದಿನ ವರ್ಷ ವಾಪಸ್ ಸಿಗುತ್ತದಾ? ಬೋಧನಾ ಶುಲ್ಕವೇ ವರ್ಷ ವರ್ಷ ಏರುತ್ತದಾ? ನಾನು ಕೇಳಿದ ಮೇಲೆ ಆ ಕಾಲೇಜಿನವರು ದಿನಕ್ಕೆ ಮೂರು ಸಲ ಫೋನ್ ಮಾಡಿದರು, ಇಮೇಲಿಗೆ ಮಾತ್ರ ಉತ್ತರ ಕೊಡಲಿಲ್ಲ.

ಇನ್ನು ಸೇರಿದ ಮೇಲೆ ಸಿಗುವ ರಿಯಾಯಿತಿಯೂ ಇದೆ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದಂಥ ಕಡೆ ಸೆಮಿಸ್ಟರ್ ಫಲಿತಾಂಶದ ಮೇಲೆ ಕೊಡುತ್ತಾರೆ. ಬಂದರೆ ಬೋನಸ್, ಅದನ್ನೇ ನಂಬಿ ಸೇರಬಾರದು.

ಡಿಪ್ಲೊಮಾ ದಾರಿ ಮರೆಯಬೇಡಿ

ಎಸ್ಸೆಸ್ಸೆಲ್ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್, ಮೂರು ವರ್ಷ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಪಿಯುಸಿ ಕೋಚಿಂಗಿಗೆ ಸುರಿಯುವ ಲಕ್ಷಗಳು ಉಳಿಯುತ್ತವೆ, ಎಂಜಿನಿಯರಿಂಗಿನ ಒಂದು ವರ್ಷದ ಶುಲ್ಕವೂ ಉಳಿಯುತ್ತದೆ. ನನ್ನ ಶಾಲೆಯ ಹುಡುಗರಲ್ಲಿ ಕೈಕೆಲಸ ಚುರುಕಾಗಿರುವವರಿಗೆ ನಾನು ಹೇಳುವುದೇ ಇದು.

ಕೊನೆಗೆ, ಮೂಲ ದಾಖಲೆ

ಅವಸರದಲ್ಲಿ ಒಂದು ಕಾಲೇಜಿಗೆ ಸೇರಿ, ಆಮೇಲೆ ಸಿಇಟಿಯಲ್ಲಿ ಒಳ್ಳೆ ಸೀಟು ಸಿಕ್ಕಾಗ "ಮೂಲ ಅಂಕಪಟ್ಟಿ ಕೊಡಲ್ಲ, ಪೂರ್ತಿ ಶುಲ್ಕ ಕಟ್ಟಿ" ಅನ್ನುವ ಕಡೆಗಳಿವೆ. ಹಾಗೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಮೂಲ ದಾಖಲೆ ಪರಿಶೀಲಿಸಿ ವಾಪಸ್ ಕೊಡಬೇಕು, ಸೀಟು ಬಿಟ್ಟರೆ ನಿಯಮದ ಪ್ರಕಾರ ಶುಲ್ಕ ಮರಳಿಸಬೇಕು ಅಂತ ಯುಜಿಸಿ 2018ರಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಒಂದು ಪ್ರತಿ ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಜೊತೆಗೆ ಪ್ರತಿ ಅಂಕಪಟ್ಟಿಯ ಹತ್ತು ಜೆರಾಕ್ಸ್, ಹತ್ತು ಫೋಟೊ, 371ಜೆಯ ಸ್ಕ್ಯಾನ್ ಮೊಬೈಲಿನಲ್ಲಿ. ನಮ್ಮ ಮನೆಯಲ್ಲಿ ಆ ಫೈಲು ಈಗ ಮಗನ ಹೆಸರಿಗೆ ಆಗಿದೆ. ಅವನು ಪಿಯುಸಿ ಮೊದಲ ವರ್ಷ. ಅವನ 371ಜೆ ಅರ್ಜಿಯ ರಸೀದಿ ಹೋದ ವಾರ ಅದರೊಳಗೆ ಸೇರಿತು.