ಶೀಟಿನ ಮನೆಗೆ ಹಗಲು ಬೆಳಕು ತರುವ ಬಾಟಲಿ ದೀಪ

ಗೋಡೆಗೆ ಗೋಡೆ ಅಂಟಿಕೊಂಡಿರುವ ಕೊಳೆಗೇರಿಯ ಶೀಟಿನ ಮನೆಗಳಲ್ಲಿ ಕಿಟಕಿಗೆ ಜಾಗವೇ ಇಲ್ಲದ ಕಾರಣ ನಡುಹಗಲಿನಲ್ಲೂ ಬಲ್ಬ್ ಉರಿಸಬೇಕಾಗುತ್ತದೆ. ಬ್ರೆಜಿಲ್‌ನ ಉಬೆರಾಬಾದ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಇದಕ್ಕೊಂದು ಅಗ್ಗದ ಉಪಾಯ ಕಂಡುಕೊಂಡರು: ಚಾವಣಿಯಲ್ಲಿ ಕೂರಿಸಿ, ಹೊರಗಿನ ಬಿಸಿಲನ್ನು ಒಳಗೆ ತರುವ ನೀರಿನ ಬಾಟಲಿ.

2 ಲೀಟರ್‌ನ, ಬಣ್ಣವಿಲ್ಲದ ತಂಪು ಪಾನೀಯದ ಬಾಟಲಿಯ ಲೇಬಲ್ ಕಿತ್ತು, ಶೋಧಿಸಿದ ನೀರು ತುಂಬಿ, ಪಾಚಿ ಕಟ್ಟದಂತೆ ಎರಡು ಮುಚ್ಚಳದಷ್ಟು ಬ್ಲೀಚ್ ದ್ರಾವಣ ಬೆರೆಸಿ ಮುಚ್ಚಳವನ್ನು ಬಿಗಿಗೊಳಿಸಿರಿ. ಚಾವಣಿಯಂತೆಯೇ ಏರಿಳಿತವಿರುವ ತಗಡಿನ ತುಂಡೊಂದರಲ್ಲಿ ಬಾಟಲಿಗಿಂತ ಸ್ವಲ್ಪ ಕಿರಿದಾದ ರಂಧ್ರ ಕೊರೆದು, ಅಂಚನ್ನು ಸಣ್ಣ ಹಲ್ಲುಗಳಂತೆ ಕತ್ತರಿಸಿ ಮೇಲಕ್ಕೆ ಬಗ್ಗಿಸಿರಿ. ಮುಚ್ಚಳದ ಕಡೆಯ ಮೂರನೇ ಒಂದು ಭಾಗ ಮೇಲುಳಿಯುವಂತೆ ಬಾಟಲಿಯನ್ನು ಅದರಲ್ಲಿ ಕೂರಿಸಿ, ನೀರು ಸೋರದಂತೆ ಸಂದು ಮುಚ್ಚುವ ಅಂಟು, ಅಂದರೆ ಸೀಲೆಂಟ್ ಹಚ್ಚಿರಿ. ಬಾಟಲಿಯ ಮೇಲೆ ಸೀಲೆಂಟ್ ಬೀಳುವ ಸುತ್ತಿನ ಜಾಗವನ್ನು ಮೊದಲೇ ಮರಳು ಕಾಗದದಿಂದ ಉಜ್ಜಿದ್ದರೆ ಸೀಲೆಂಟ್ ಗಟ್ಟಿಯಾಗಿ ಹಿಡಿಯುತ್ತದೆ.

ಸೀಲೆಂಟ್ ಪೂರ್ತಿ ಒಣಗಿದ ಮೇಲೆ, ಚಾವಣಿಯಲ್ಲಿ ಬಾಟಲಿ ಇಳಿಯುವಷ್ಟೇ ರಂಧ್ರ ಮಾಡಿ ತಗಡನ್ನು ರಿವೆಟ್‌ನಿಂದ (ತಗಡು ಜೋಡಿಸುವ ಲೋಹದ ಮೊಳೆ) ಬಿಗಿದು, ಸುತ್ತಲಿನ ಅಂಚಿಗೂ ರಿವೆಟ್ ತಲೆಗಳಿಗೂ ಮತ್ತೊಮ್ಮೆ ಸೀಲೆಂಟ್ ಬಳಿಯಬೇಕು. ಮೊದಲ ಮಳೆಗೇ ಸೋರುವ ದೀಪಗಳ ದೋಷ ಬಹುಪಾಲು ಇಲ್ಲೇ ಇರುವುದರಿಂದ, ಈ ಹಂತದಲ್ಲಿ ಅವಸರ ಸಲ್ಲದು; ಕೆಲಸ ಮುಗಿದ ಮೇಲೆ ಒಂದು ಕೊಡ ನೀರು ಸುರಿದು ನೋಡುವುದು ಒಳ್ಳೆಯದು. ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರಿಯದಂತೆ ಮೇಲೊಂದು ಹೊದಿಕೆಯಿರಲಿ.

ಬಿಸಿಲಿರುವಾಗ ಸಣ್ಣ ಕೋಣೆಗೆ ಈ ಬೆಳಕು ಸಾಕು, ರಾತ್ರಿಗೆ ಮಾತ್ರ ಒದಗದು. ಚಾವಣಿ ಆಸ್ಬೆಸ್ಟಾಸ್ ಸಿಮೆಂಟಿನದ್ದಾಗಿದ್ದರೆ ಅದನ್ನು ಕೊರೆಯಲೇಬೇಡಿ. ಅದರ ದೂಳು ಶ್ವಾಸಕೋಶಕ್ಕೆ ಮಾರಕ.